ಮೂರು ಹೆಸರು ತಂದ ಹೆಳವಜ್ಜ

ವಂಶಾವಳಿ ಹೇಳಲು ಕೂತಾಗ ಹೆಳವಜ್ಜ ಮೊದಲು ಪಟಕಾ ತೆಗೆದು ತೊಡೆಯ ಮೇಲಿಡುತ್ತಿದ್ದ. ಬೋಳು ತಲೆಯ ಸುತ್ತ ಅದು ಒತ್ತಿದ ಕೆಂಪು ಗೆರೆ ಕಾಣುತ್ತಿತ್ತು. ಆಮೇಲೆ ಕಣ್ಣು ಮುಚ್ಚಿ, ಎರಡು ಬೆರಳು ಗಂಟಲ ಮೇಲಿಟ್ಟುಕೊಂಡು ನಮ್ಮ ಹಿರಿಯರನ್ನು ಒಬ್ಬೊಬ್ಬರಾಗಿ ಕರೆಯುತ್ತಿದ್ದ. ನಡುವೆ ಯಾರಿಗಾದರೂ ಫೋನು ಬಂದರೆ ಮತ್ತೆ ಮೂಲಪುರುಷನಿಂದಲೇ ಶುರು. ಮನೆತನಗಳ ಹೆಸರು ನೆನಪಿಟ್ಟು ಊರೂರು ತಿರುಗಿ ಹೇಳುವುದು ಹೆಳವರ ಕಸುಬು; ಅವನ ಹಿರಿಯರು ಎತ್ತಿನ ಮೇಲೆ ಬರುತ್ತಿದ್ದರಂತೆ. ಅವನು ವರ್ಷಕ್ಕೊಮ್ಮೆ ಜಮಖಂಡಿ ಬಸ್ಸಿಗೆ ರಬಕವಿಯ ನಮ್ಮ ಮನೆಗೆ ಬರುತ್ತಿದ್ದ.

ನಮ್ಮ ಮಂದಿ ಕೃಷ್ಣೆಯ ನಡುಗಡ್ಡೆಯೊಂದರಲ್ಲಿ ಮೀನು ಹಿಡಿದು ಬದುಕಿದವರು. ಬೀಳಗಿ ಕಡೆಯ ಆ ಗಡ್ಡೆಯನ್ನು ಹಿನ್ನೀರು ನುಂಗಿದ ಮೇಲೆ ಹನ್ನೊಂದು ಮನೆಯವರೂ ದಿಕ್ಕಿಗೊಬ್ಬರಾದರು. ಅದಕ್ಕೂ ಬಹಳ ಮೊದಲು, ಅಪ್ಪ ಮೊಲೆಗೂಸಾಗಿದ್ದಾಗಲೇ, ಅವನ ತಾಯಿ ಹೊಳೆ ಪಾಲಾಗಿದ್ದಳು. ಮಲತಾಯಿ ಬಂದ ಮೇಲೆ ಮನೆಯಲ್ಲಿ ಯಾರೂ ಅವಳ ಹೆಸರೆತ್ತಲಿಲ್ಲ. ಎಪ್ಪತ್ತು ದಾಟಿದ ಅಪ್ಪನಿಗೆ ಹೆತ್ತವಳ ಹೆಸರೇ ಗೊತ್ತಿರಲಿಲ್ಲ. ಹುಡುಕಿ ಕೊಡುತ್ತೇನೆಂದು ನಾನು ಹೊರಟೆ. ಬನಹಟ್ಟಿಯ ಶಾಲೆಯಲ್ಲಿ ಮಕ್ಕಳಿಗೆ ಪಾಠ ಮುಗಿಸಿ, ಹಳೆಯ ದಾಖಲೆಗಾಗಿ ಕಚೇರಿಗಳಿಗೆ ಅಲೆದೆ.

"ಹೊಲ ಇದ್ದವರದಷ್ಟ ಕಾಗದ ಇರತಾವರಿ ಅಕ್ಕಾರ. ಹೊಳಿಗೆ ಪಹಣಿ-ಉತಾರ ಇರಂಗಿಲ್ಲ," ಎಂದ ಒಬ್ಬ ಗುಮಾಸ್ತ.

ಕೊನೆಗೆ ಹೆಳವಜ್ಜನನ್ನು ಕೇಳಿದೆ.

"ಹೆಣ್ಮಕ್ಕಳ ಹೆಸರ ನಾವು ಹೇಳಂಗಿಲ್ಲ ಯವ್ವಾ. ನಮ್ಮಪ್ಪ ನನಗ ಕಲಿಸಿಲ್ಲ."

"ಏಳ ತಲಿ ಗಂಡಸರ ಹೆಸರ ನೆನಪದಾವ. ಹಡದಾಕಿದು ಒಂದೂ ಇಲ್ಲೇನ್ರಿ?" ನನ್ನ ದನಿ ಏರಿತ್ತು.

ಅಜ್ಜ ಪಟಕಾ ಸುತ್ತಿಕೊಂಡು ಎದ್ದು ಹೋದ.

ಮುಂದಿನ ವರ್ಷ ಎಂದಿಗಿಂತ ಮೊದಲೇ ಬಂದ. ಹಿಮ್ಮಡಿಗಳು ಒಡೆದಿದ್ದವು. ಗಡ್ಡೆಯಿಂದ ಮದುವೆಯಾಗಿ ಹೋದ ಮುದುಕಿಯರನ್ನು ಹೊಳೆದಂಡೆಯ ಊರೂರು ತಿರುಗಿ ಹುಡುಕಿದ್ದನಂತೆ. ಮೂವರು ಸಿಕ್ಕಿದ್ದರು. ಅಪ್ಪನ ತಾಯಿಯ ಹೆಸರು ಗಂಗವ್ವ ಎಂದಳಂತೆ ಒಬ್ಬಳು. ಬಾಳವ್ವ ಎಂದಳು ಇನ್ನೊಬ್ಬಳು. ಮೂರನೆಯವಳು ಆಣೆ ಹಾಕಿ ಕಸ್ತೂರೆವ್ವ ಎಂದಿದ್ದಳು.

"ಖರೆ ಯಾವುದ್ರಿ?"

"ಗೊತ್ತಿಲ್ಲ."

"ಒಂದ ಹೇಳಿಬಿಡ್ರಿ ಅಜ್ಜಾರ. ಅಪ್ಪಗ ಸಮಾಧಾನ ಆಕ್ಕೈತಿ."

"ಸುಳ್ಳ ಹೆಸರಿಗೆ ಎಡಿ ಹಿಡದ್ರ ಖರೆ ತಾಯಿ ಹಸದ ಕುಂದರತಾಳ ಯವ್ವಾ."

ನನ್ನಲ್ಲಿ ತಾಳ್ಮೆ ಉಳಿದಿರಲಿಲ್ಲ. "ಇಷ್ಟ ಹೇಳಾಕ ಯಾಕ ಬಂದ್ರಿ?" ಎಂದುಬಿಟ್ಟೆ. ಅಜ್ಜ ಚಹಾ ಮುಟ್ಟಲಿಲ್ಲ.

ಒಳಗೆ ಮಲಗಿದ್ದ ಅಪ್ಪ ಎಲ್ಲವನ್ನೂ ಕೇಳಿಸಿಕೊಂಡಿದ್ದ. ಆ ಸಲ, ಹಿರಿಯರಿಗೆ ಎಡೆ ಹಿಡಿಯುವ ಮಹಾನವಮಿ ಅಮಾವಾಸ್ಯೆಗೆ, ಮೂರು ಎಲೆ ಹಾಕಿಸಿದ. ಮೂರಕ್ಕೂ ತಾನೇ ಹುಗ್ಗಿ ಬಡಿಸಿ, ಮೂರು ಹೆಸರನ್ನೂ ಮೆಲ್ಲಗೆ ಕರೆದ. "ಯಾವ ಎಲಿ ತನ್ನದಂತ ಅಕಿಗೆ ಗೊತ್ತೈತಿ," ಎಂದ.

ಇದನ್ನು ಹೆಳವಜ್ಜನಿಗೆ ಹೇಳಬೇಕು, ತಪ್ಪಾಯಿತೆನ್ನಬೇಕು ಎಂದು ಕಾದೆ. ಈ ವರ್ಷ ಬಂದವನು ಅವನ ಮಗ. ಅವನಿಗೂ ತಲೆ ನೆರೆತಿದೆ. ಅಜ್ಜ ತೀರಿಕೊಂಡು ಎರಡು ತಿಂಗಳಾಗಿತ್ತು.

"ಕಡೀಕ ನಮ್ಮಪ್ಪ ನಿಮ್ಮ ಕೆಲಸಕ್ಕನ ಅಡ್ಡಾಡತಿದ್ದರಿ. ಇನ್ನೊಂದ ಊರ ಉಳದೈತಿ, ಅಲ್ಲೊಬ್ಬಾಕಿ ಮುದುಕಿ ಅದಾಳ ಅಂತಿದ್ದ."

"ಯಾವ ಊರಂತ್ರಿ?"

"ಅದನ್ನ ಹೇಳಲಿಲ್ಲರಿ."

ಸಿಟ್ಟು ಬಂತು, ಅಜ್ಜನ ಮೇಲೋ ನನ್ನ ಮೇಲೋ ತಿಳಿಯಲಿಲ್ಲ. ಅಂದಿನಿಂದ ರವಿವಾರ ಬಂದರೆ ಬಸ್ಸು ಹತ್ತುತ್ತೇನೆ. ಚಿಕ್ಕಪಡಸಲಗಿಯ ಸುತ್ತಿನ ಊರುಗಳು ಮುಗಿದವು, ಬೀಳಗಿ ಕಡೆಯವು ಉಳಿದಿವೆ. ಕಟ್ಟೆಯ ಮೇಲಿನ ಮುದುಕಿಯರು ಯಾರ ಮೊಮ್ಮಗಳು ನೀನು ಎಂದು ಕೇಳುತ್ತಾರೆ. ಅದನ್ನೇ ಕೇಳಲು ಬಂದೆ ಎನ್ನುತ್ತೇನೆ. ನೆನಪಿಲ್ಲದಿದ್ದರೆ ಇಲ್ಲ ಅನ್ನಿ, ನನ್ನ ಸಮಾಧಾನಕ್ಕೆ ಏನೂ ಹೇಳಬೇಡಿ ಎಂದೂ ಹೇಳುತ್ತೇನೆ.