ಅರ್ಧಕ್ಕೆ ನಿಂತ ಬಾಗಿಲು

ಬಾಗಿಲುಗಳನ್ನು ಬಿಚ್ಚಿಡದೆ ಮೆತ್ತೆಯಣ್ಣ ಯಾವ ಗಾಡಿಯ ಸೀಟನ್ನೂ ಮುಟ್ಟಿದವನಲ್ಲ. ಸೀಟು ಹೊಲಿಯುತ್ತಲೇ ತಲೆ ನರೆತವನಿಗೆ ಬೀದಿಯವರು ಇಟ್ಟ ಹೆಸರು ಅದು. ಈಗ ಶೆಡ್ಡಿನಲ್ಲಿದ್ದದ್ದು ಅವನ ಅಕ್ಕ ಓಡಿಸುವ, ನಾಲ್ಕು ಬಾಗಿಲಿನ ಹಳೆಯ ಪಿಕಪ್. ಅದರ ಹಲಗೆಯಂಥ ಸೀಟಿನಲ್ಲಿ ಕೂತು ಕೂತು ಅವಳ ಸೊಂಟ ಬಿದ್ದುಹೋಗಿತ್ತು.

"ಈ ಸಲ ಸರಿಹೋಗದಿದ್ರೆ ಗಾಡಿ ಮಾರಿಬಿಡ್ತೀನಿ ಕಣೋ" ಎಂದಿದ್ದಳು. ಅಪ್ಪ ಓಡಿಸಿದ ಗಾಡಿ. ಮಾರುವ ಮಾತು ಬಂದದ್ದೇ ಅವನು ಬೇರೆ ಸೀಟು ಹುಡುಕಲು ಹೊರಟಿದ್ದ.

ಗುಜರಿಗೆ ಬಿದ್ದಿದ್ದ ಹೊಸ ಮಾದರಿಯ ಕಾರಿನಿಂದ ಬಿಚ್ಚಿ ತಂದ ಸೀಟುಗಳು ಸುಲಭಕ್ಕೆ ಬಗ್ಗಲಿಲ್ಲ. ಬೋಲ್ಟಿನ ತೂತುಗಳು ಕೂಡಲಿಲ್ಲ, ನೆಲದ ಉಬ್ಬು ಅಡ್ಡ ಬಂತು. ಕಬ್ಬಿಣದ ಪಟ್ಟಿ ಕೊಯ್ದು, ಬೆಸೆದು, ಬೈದು, ಮತ್ತೆ ಕೊಯ್ದು ಅಂತೂ ಕೂರಿಸಿದ. ಅಕ್ಕ ಹತ್ತಿ ಒರಗಿ, "ಇದಪ್ಪಾ ಸೀಟು!" ಎಂದು ಕಣ್ಣು ಮುಚ್ಚಿದಳು. ಅವನು ಹಿಗ್ಗುತ್ತ ಬಾಗಿಲು ಜೋಡಿಸಿ ದೂಡಿದ. ಅದು ಅರ್ಧಕ್ಕೇ ನಿಂತಿತು. ಸೀಟನ್ನು ಹಿಂದಕ್ಕೆ ಬಾಗಿಸುವ ಹಿಡಿ ಪಕ್ಕಕ್ಕೆ ಚಾಚಿಕೊಂಡು ಬಾಗಿಲಿಗೆ ತಗುಲುತ್ತಿತ್ತು.

"ಬಾಗಿಲು ಬಿಚ್ಚಿಟ್ಟು ಅಳತೆ ತಗೊಂಡ್ಯಾ, ಜಾಣ?"

ಅವನು ಸ್ಪ್ಯಾನರ್ ಎಸೆದ. "ಇಳಿಯಕ್ಕ. ಎಲ್ಲಾ ಬಿಚ್ಚಬೇಕು."

"ಬಿಚ್ಚೋದಾದ್ರೆ ಬಾಗಿಲು ಬಿಚ್ಚು. ನಾನಂತೂ ಇಳಿಯಲ್ಲ."

ಗಾಡಿ ಉಳಿಯಿತೆಂದು ಗೊತ್ತಾದರೂ ಅವನ ಸಿಟ್ಟು ಇಳಿಯಲಿಲ್ಲ. ಗರಗಸ ತಂದು ಹಿಡಿಯ ಮೇಲಿಟ್ಟ.

"ಕೊಯ್ದ ಮೇಲೆ ಸೀಟು ಹಿಂದೆ ಮುಂದೆ ಬಾಗಲ್ಲ. ಇಷ್ಟು ಒರಗಿದ್ರೆ ಸಾಕು ತಾನೆ?"

"ಹೂಂ" ಎಂದಳು ಅಕ್ಕ. ಗರಗಸ ಕಬ್ಬಿಣಕ್ಕೆ ಕಚ್ಚಿಕೊಳ್ಳುತ್ತಿದ್ದಂತೆ, "ತಡಿ ತಡಿ, ಇನ್ನೊಂಚೂರು ಹಿಂದಕ್ಕೆ" ಎಂದಳು.