ನಾಯಿಯಿಲ್ಲದ ಮನೆಯ ನಾಯಿಬಾಗಿಲು

ಲೂಯಿಸ್‌ವಿಲ್‌ನ ಅಪಾರ್ಟ್‌ಮೆಂಟಿನಿಂದ ಪಕ್ಕದೂರು ಫ್ರಿಸ್ಕೋದ ಈ ಮನೆಗೆ ಶಿಫ್ಟ್ ಆದ ದಿನ ಹಾಲುಕ್ಕಿಸಿದ್ದೆವು, ಅಷ್ಟೆ. ಸ್ನೇಹಿತರನ್ನೆಲ್ಲ ಕರೆದು ಸತ್ಯನಾರಾಯಣ ಪೂಜೆ ಮಾಡಿಸಬೇಕು ಅನ್ನೋದು ಎರಡು ತಿಂಗಳಾದರೂ ಹಾಗೇ ಉಳಿದಿತ್ತು. ಹಿತ್ತಲಲ್ಲಿ ಪೂಲ್ ಇರುವ ಮನೆ. ಅಡುಗೆಮನೆ ಕಿಟಕಿಯಿಂದ ಆ ನೀಲಿ ನೀರು ಕಾಣುತ್ತಿದ್ದರೆ ಕಾಫಿಗೆ ರುಚಿ ಹೆಚ್ಚು ಅಂತ ನನ್ನ ಗಂಡ ಹೇಳುತ್ತಿದ್ದರು.

ಟೆಕ್ಸಸ್‌ನ ಬಿಸಿಲಿಗೆ ಹಿತ್ತಲಲ್ಲಿ ಒಂದು ಚಪ್ಪರ ಹಾಕಿಸೋಣ ಅಂತ ಸಿಟಿಯವರಿಗೆ ಅರ್ಜಿ ಹಾಕಿದೆವು. ಬಂದ ಉತ್ತರ ಚಪ್ಪರದ ಬಗ್ಗೆ ಇರಲಿಲ್ಲ. ನಿಮ್ಮ ಪೂಲಿನ ಪರ್ಮಿಟ್ ಇನ್ನೂ ಮುಗಿದಿಲ್ಲ, ಕೊನೆಯ ತಪಾಸಣೆ ಆಗಿಯೇ ಇಲ್ಲ, ಮೊದಲು ಅದನ್ನು ಮುಗಿಸಿಕೊಳ್ಳಿ ಅಂತ ಬರೆದಿದ್ದರು. ನಮಗೆ ಮನೆ ಮಾರಿದವರು ಪೂಲ್ ತೋಡಿಸಿ, ನೀರು ತುಂಬಿಸಿ, ತಪಾಸಣೆಗೆ ಯಾರನ್ನೂ ಕರೆಯದೆ ಈಜೋಕೆ ಶುರುಮಾಡಿಬಿಟ್ಟಿದ್ದರು. ಮನೆ ಈಗ ನಮ್ಮದು, ಹಾಗಾಗಿ ಅವರು ಬಿಟ್ಟ ಕೆಲಸವೂ ನಮ್ಮದೇ.

ಇನ್‌ಸ್ಪೆಕ್ಟರ್ ಸಿಟಿಯಿಂದ ತಪಾಸಣೆಗೆ ಬಂದದ್ದು ಮಂಗಳವಾರ ಬೆಳಿಗ್ಗೆ. ಆ ವಾರದ ಶನಿವಾರಕ್ಕೇ ಪೂಜೆ ಗೊತ್ತು ಮಾಡಿದ್ದೆ, ನಲವತ್ತು ಜನಕ್ಕೆ ಹೇಳಿ ಆಗಿತ್ತು. ಅರ್ಧ ಗಂಟೆಯಲ್ಲಿ ಸಹಿ ಹಾಕಿ ಹೋಗುತ್ತಾರೆ ಅಂದುಕೊಂಡು ರಿಚರ್ಡ್‌ಸನ್ ಊರಿನಲ್ಲಿರುವ ನನ್ನ ಆಫೀಸಿಗೆ ತಡವಾಗಿ ಬರುತ್ತೇನೆ ಅಂತ ಹೇಳಿದ್ದೆ. ಬಂದವರಿಗೆ ಅರವತ್ತು ದಾಟಿತ್ತು. ಬಿಸಿಲಿಗೆ ಕೆಂಪಾದ ಕತ್ತು, ಅಗಲ ಅಂಚಿನ ಹ್ಯಾಟು, ಸೊಂಟದಲ್ಲಿ ಅಳತೆ ಟೇಪು. ಮಾತು ಎಷ್ಟು ನಿಧಾನ ಅಂದರೆ ನನಗೆ ಗಡಿಯಾರ ನೋಡುವ ಹಾಗಾಗುತ್ತಿತ್ತು.

ಅವರು ಹಿತ್ತಲ ಗೇಟನ್ನು ಒಂದು ಗೇಣು ತೆರೆದು ಕೈ ಬಿಟ್ಟರು. ಗೇಟು ತಾನಾಗಿ ಬಂದು ಮುಚ್ಚಿಕೊಂಡಿತು, ಆದರೆ ಚಿಲಕ ಬೀಳಲಿಲ್ಲ. ಇನ್ನೊಮ್ಮೆ ತೆರೆದು ಬಿಟ್ಟರು. ಆಗಲೂ ಬೀಳಲಿಲ್ಲ. "ಇದು ಯಾರೂ ಮುಟ್ಟದೆ ತಾನೇ ಬೀಳಬೇಕು, ಮೇಡಂ," ಅಂದರು. ಬೇಲಿಗೆ ಒತ್ತಿ ಇಟ್ಟಿದ್ದ ನನ್ನ ಕರಿಬೇವಿನ ದೊಡ್ಡ ಕುಂಡವನ್ನು ಈಚೆಗೆ ಎಳೆಯಲು ಹೇಳಿದರು, ಅದರ ಮೇಲೆ ಕಾಲಿಟ್ಟು ಮಗು ಹತ್ತಬಹುದು ಅಂತ. ತೆರೆದರೆ ಸದ್ದು ಮಾಡುವ ಅಲಾರಂ ಹಿಂಬಾಗಿಲಿಗೆ ಇಲ್ಲ ಅಂತ ಬರೆದುಕೊಂಡರು. ಪೂಲಿನ ತಳದಲ್ಲಿ ನೀರು ಎಳೆದುಕೊಳ್ಳುವ ತೂತಿನ ಮುಚ್ಚಳ ಹಳೆಯದು, ಬದಲಾಯಿಸಿ ಅಂದರು.

ಆಮೇಲೆ ಒಳಗೆ ಬಂದು, ಬಟ್ಟೆ ಒಗೆಯುವ ಕೋಣೆಯಿಂದ ಹಿತ್ತಲಿಗೆ ತೆರೆಯುವ ಬಾಗಿಲ ಮುಂದೆ ಮಂಡಿಯೂರಿ ಕುಳಿತರು. ಆ ಬಾಗಿಲ ಕೆಳಭಾಗದಲ್ಲಿ ನಾಯಿ ಓಡಾಡಲು ಮಾಡಿದ ಕಿಂಡಿಯಿತ್ತು, ಅದಕ್ಕೆ ರಬ್ಬರಿನ ಪರದೆ. ಹಿಂದಿನವರು ದೊಡ್ಡ ನಾಯಿ ಸಾಕಿದ್ದರಂತೆ. ಇನ್‌ಸ್ಪೆಕ್ಟರ್ ಪರದೆಯನ್ನು ಒಂದು ಬೆರಳಲ್ಲಿ ತಳ್ಳಿದರು. ಅದರಾಚೆ ನೇರ ಪೂಲು.

"ನಮ್ಮನೇಲಿ ನಾಯಿ ಇಲ್ಲ," ಅಂದರು ನನ್ನ ಗಂಡ.

"ನಾಯಿ ಇಲ್ಲ, ಅದಕ್ಕೇ ನಿಮ್ಮ ಕಣ್ಣಿಗೆ ಇದು ಬಿದ್ದಿಲ್ಲ," ಅಂದರು ಅವರು. "ಎರಡು ವರ್ಷದ ಮಗುವಿನ ಎತ್ತರಕ್ಕೆ ಈ ಮನೆಯಲ್ಲಿ ಮೊದಲು ಕಾಣುವ ಬಾಗಿಲು ಇದೇ."

"ನಮ್ಮ ಮಗಳಿಗೆ ಒಂಬತ್ತು ವರ್ಷ," ಅಂದೆ ನಾನು. ದನಿ ಸ್ವಲ್ಪ ಬಿಗಿಯಾಗಿತ್ತು ಅಂತ ನನಗೇ ಗೊತ್ತಾಯಿತು.

"ನಿಮ್ಮ ಮನೆಗೆ ಯಾರೂ ಬರೋದಿಲ್ವಾ?"

ಶನಿವಾರ ಪೂಜೆ, ನಲವತ್ತು ಜನ, ಅದರಲ್ಲಿ ಮಕ್ಕಳೇ ಹನ್ನೆರಡು ಅಂತ ಹೇಳಲೇಬೇಕಾಯಿತು. ಅವರು ಕಿಂಡಿಯ ಅಗಲಕ್ಕೆ ಟೇಪು ಹಿಡಿದು ನೋಡಿದರು. ತಪಾಸಣೆ ಪಾಸಾಗಿಲ್ಲ ಅಂತ ಹಾಳೆಯಲ್ಲಿ ಬರೆದು ಕೊಟ್ಟು, "ಉಳಿದದ್ದಕ್ಕೆ ಸಮಯ ಇದೆ. ಇದೊಂದನ್ನು ಮಾತ್ರ ಶನಿವಾರದೊಳಗೆ ಮುಚ್ಚಿ. ಕಾಗದಕ್ಕೋಸ್ಕರ ಹೇಳ್ತಿಲ್ಲ," ಅಂದು ಹೊರಟರು.

ಅವರ ಗಾಡಿ ಹೋದ ಮೇಲೆ ನಾವಿಬ್ಬರೂ ಅವರನ್ನು ಬೈದುಕೊಂಡೆವು. ಈ ದೇಶದಲ್ಲಿ ಎಲ್ಲದಕ್ಕೂ ರೂಲ್ಸು, ನಮ್ಮ ಕಡೆ ಬಾವಿಗೆ ಕಟ್ಟೆ ಕಟ್ಟಿದರೆ ಸಾಕಿತ್ತು ಅಂತೆಲ್ಲ ಆಡಿಕೊಂಡೆವು. ವಾರವಿಡೀ ಅಕ್ಕಿ, ರವೆ, ಬಾಳೆಹಣ್ಣು ಅಂತ ಓಡಾಟ. ಶುಕ್ರವಾರ ಸಂಜೆ ನನ್ನ ಗಂಡ ಗೊಣಗುತ್ತಲೇ ಅಂಗಡಿಯಿಂದ ಪ್ಲೈವುಡ್ ಹಲಗೆ ತಂದು, ಒಳಗಡೆಯಿಂದ ಆ ಕಿಂಡಿಗೆ ಅಡ್ಡ ಇಟ್ಟು ಎಂಟು ಸ್ಕ್ರೂ ಹಾಕಿದರು. ಗೇಟಿನ ಚಿಲಕವನ್ನೂ ಸರಿಮಾಡಿದರು. "ಒಳ್ಳೇ ಬಾಗಿಲು ಹಾಳು ಮಾಡಿದ ಹಾಗಾಯ್ತು," ಅಂದರು.

ಶನಿವಾರ ಮನೆ ತುಂಬಿತು. ನಡುಮನೆಯಲ್ಲಿ ಪುರೋಹಿತರು ಕಥೆ ಓದುತ್ತಿದ್ದರು, ಮಹಡಿಯ ಮೇಲೆ ಮಕ್ಕಳ ಗದ್ದಲ. ಹಿಂಬಾಗಿಲಿಗೆ ಬೀಗ ಹಾಕಿ ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದೆ. ಧಾರವಾಡದ ನನ್ನ ಗೆಳತಿ ಅಡುಗೆಮನೆಯಲ್ಲಿ ಸಜ್ಜಿಗೆ ಕಲಸುತ್ತಿದ್ದಳು. ಅವಳ ಮಗಳಿಗೆ ಆಗಷ್ಟೇ ಎರಡು ತುಂಬಿತ್ತು. ಮಗು ಅಪ್ಪನ ಹತ್ತಿರ ಇದೆ ಅಂತ ಅವಳು ತಿಳಿದಿದ್ದಳು. ಅಪ್ಪ ಅಂದುಕೊಂಡಿದ್ದು ಅಮ್ಮನ ಹತ್ತಿರ ಇದೆ ಅಂತ.

ನಾನು ಪೇಪರ್ ತಟ್ಟೆ ತರಲು ಬಟ್ಟೆ ಒಗೆಯುವ ಕೋಣೆಗೆ ಹೋದೆ. ಹಸಿರು ಲಂಗ ಉಟ್ಟ ಆ ಮಗು ನೆಲದ ಮೇಲೆ ಕುಳಿತಿತ್ತು. ಎರಡೂ ಅಂಗೈ ಪ್ಲೈವುಡ್ಡಿಗೆ ಒತ್ತಿ ತಳ್ಳುತ್ತಿತ್ತು. ತಳ್ಳಿ, ನಿಲ್ಲಿಸಿ, ಮತ್ತೆ ತಳ್ಳುತ್ತಿತ್ತು. ಹಲಗೆ ಅಲುಗಲಿಲ್ಲ. ನನ್ನನ್ನು ನೋಡಿ, ತೆಗೆದುಕೊಡು ಅನ್ನುವ ಹಾಗೆ, "ಓಪನ್" ಅಂದಿತು.

ತಟ್ಟೆ ತೆಗೆದುಕೊಳ್ಳೋದು ಮರೆತೇಹೋಯಿತು. ಮಗುವನ್ನು ಎತ್ತಿಕೊಂಡು ಅಲ್ಲೇ ವಾಷಿಂಗ್ ಮೆಷಿನ್ನಿಗೆ ಒರಗಿ ನಿಂತೆ. ಎಷ್ಟು ಹೊತ್ತೋ ಗೊತ್ತಿಲ್ಲ. ನಡುಮನೆಯಲ್ಲಿ ಮಂಗಳಾರತಿಯ ಗಂಟೆ ಮೊಳಗುತ್ತಿತ್ತು.

ಹುಡುಕಿಕೊಂಡು ಬಂದ ಗೆಳತಿ, "ಇಲ್ಲೀ ಅದಾಳೇನು? ನಿಮಗ ತ್ರಾಸ ಕೊಡಲಿಕ್ಹತ್ಯಾಳೇನ್ರಿ?" ಅಂತ ನಗುತ್ತ ಕೇಳಿದಳು. ನಾನು ಹಲಗೆ ತೋರಿಸಿದೆ. ಅದರ ಹಿಂದೆ ಏನಿದೆ, ನಿನ್ನೆಯವರೆಗೆ ಅದು ಹೇಗಿತ್ತು ಅಂತ ಹೇಳಿದೆ. ಅವಳ ನಗು ನಿಂತಿತು. ಮಗುವನ್ನು ನನ್ನಿಂದ ಇಸಕೊಂಡು, ಅದರ ತಲೆಯ ಮೇಲೆ ಕೆನ್ನೆಯಿಟ್ಟು, "ಯಾರ್ರಿ ಅವರು, ಮುಚ್ಚಂತ ಹೇಳಿದವರು?" ಅಂದಳು. ಅವರ ಹೆಸರನ್ನೂ ನಾನು ನೆನಪಿಟ್ಟುಕೊಂಡಿರಲಿಲ್ಲ. ಹಾಳೆಯ ಕೆಳಗಿನ ಸಹಿ ನೋಡಿ ಹೇಳಬೇಕಾಯಿತು.

ಎರಡು ವಾರದ ಮೇಲೆ ಅವರು ಮತ್ತೆ ಬಂದರು. ಅಷ್ಟರಲ್ಲಿ ಕಿಂಡಿಯಿದ್ದ ಬಾಗಿಲನ್ನೇ ತೆಗೆಸಿ ಬೇರೆ ಹಾಕಿಸಿದ್ದೆವು. ಎರಡು ಬಾಗಿಲಿಗೂ ಅಲಾರಂ ಕೂತಿತ್ತು, ಪೂಲಿನ ತಳದ ಮುಚ್ಚಳ ಹೊಸದಾಗಿತ್ತು. ಎಲ್ಲವನ್ನೂ ಅದೇ ನಿಧಾನದಲ್ಲಿ ನೋಡಿದರು. ಈ ಸಲ ನಾನು ಗಡಿಯಾರ ನೋಡಲಿಲ್ಲ. ಅವರು ಸಹಿ ಹಾಕಿದ ಮೇಲೆ ಶನಿವಾರದ ವಿಷಯ ಹೇಳಿದೆ.

ಅವರು ಹ್ಯಾಟು ತೆಗೆದು ಕೈಯಲ್ಲಿ ಹಿಡಿದುಕೊಂಡರು. "ಈಗ ಆ ಮಗು ಹೇಗಿದೆ?"

"ಚೆನ್ನಾಗಿದೆ. ಅದಕ್ಕೆ ಏನೂ ಗೊತ್ತೇ ಇಲ್ಲ."

"ಒಳ್ಳೇದು," ಅಂದರು. ಹ್ಯಾಟು ಮತ್ತೆ ಹಾಕಿಕೊಂಡು, "ಇಷ್ಟು ವರ್ಷದಲ್ಲಿ ನನಗೆ ಇದನ್ನು ಹೇಳಿದವರು ನೀವೇ ಮೊದಲು. ಪಾಸ್ ಮಾಡಲಿಲ್ಲ ಅಂತ ಬೈಯೋಕೆ ತುಂಬಾ ಜನ ಫೋನ್ ಮಾಡ್ತಾರೆ," ಅಂದರು. ನಾವೂ ಬೈದಿದ್ದೆವು ಅಂತ ನನ್ನ ಗಂಡ ಒಪ್ಪಿಕೊಂಡರು. ಅದಕ್ಕೆ ಅವರು ಮೊದಲ ಸಲ ನಕ್ಕರು. ಮೈಸೂರು ಪಾಕಿನ ಡಬ್ಬಿ ಕೊಡಲು ಹೋದರೆ, ಕೆಲಸದಲ್ಲಿ ಏನೂ ತೆಗೆದುಕೊಳ್ಳುವ ಹಾಗಿಲ್ಲ ಅಂದರು. ಒಂದು ಲೋಟ ನೀರು ಕುಡಿದರು.

ಆ ವಾರ ಅವರ ಮೇಲಧಿಕಾರಿಗೆ ಪತ್ರ ಬರೆಯಲು ಕುಳಿತೆ. ಏನು ನಡೆಯಿತು ಅಂತ ಬರೆಯಬೇಕಲ್ಲ, ನಡೆದದ್ದು ಏನೂ ಇರಲಿಲ್ಲ. ಒಂದು ಮಗು ಹಲಗೆ ತಳ್ಳಿತು, ಹಲಗೆ ಅಲುಗಲಿಲ್ಲ, ಅಷ್ಟೆ. ಅಷ್ಟನ್ನೇ ಬರೆದೆ. ಕೆಳಗೆ ನನ್ನ ಗಂಡ, ಗೆಳತಿ, ಅವಳ ಗಂಡ, ಎಲ್ಲರೂ ಸಹಿ ಹಾಕಿದರು. ಮಗುವಿನ ಕೈಗೂ ಪೆನ್ ಕೊಟ್ಟೆವು. ಅದು ಹಾಳೆಯ ಉದ್ದಕ್ಕೂ ಒಂದು ಗೆರೆ ಎಳೆಯಿತು. ಪತ್ರವನ್ನು ಇನ್ನೊಮ್ಮೆ ಬರೆಯದೆ ಹಾಗೇ ಕಳಿಸಿದೆ.