ಖತೀಜಾಬಿಯ ಗುಬ್ಬಿ ರೋಜಾ

ಬ್ಯಾಡಗಿಯ ಖತೀಜಾಬಿಯ ಹತ್ತಿರ ವಾದಕ್ಕೆ ನಿಂತು ಗೆದ್ದು ಮನೆಗೆ ಹೋದವರಿರಲಿಲ್ಲ. ಅದು ಮಾರುಕಟ್ಟೆಯ ದಲಾಲರಿಗೂ ಗೊತ್ತಿತ್ತು, ಮಸೀದಿಯ ಹಿರಿಯರಿಗೂ ಗೊತ್ತಿತ್ತು. ಗೊತ್ತಿದ್ದೂ ಕೆಣಕುತ್ತಿದ್ದರು, ಅವರ ಹಣೆಬರಹ! ಗಂಡ ತೀರಿಕೊಂಡ ಮೇಲೆ ಆಕೆ ಬೆಳಿಗ್ಗೆಯೆಲ್ಲ ಅಂಗಡಿಯ ಅಂಗಳದಲ್ಲಿ ಕೂತು ಮೆಣಸಿನಕಾಯಿ ತೊಟ್ಟು ಮುರಿಯುವಳು. ಮಧ್ಯಾಹ್ನ ಮನೆಗೆ ಬಂದು, ಓಣಿಯ ಚಿಕ್ಕಮಕ್ಕಳನ್ನು ಪಡಸಾಲೆಯಲ್ಲಿ ಕೂಡಿಸಿಕೊಂಡು ನಮಾಜು, ದುವಾ ಕಲಿಸುವಳು. ಸ್ವಂತ ಮಕ್ಕಳಿರಲಿಲ್ಲ. ಆ ಪಡಸಾಲೆಯ ಗದ್ದಲವೇ ಆಕೆಯ ಸಂಸಾರವಾಗಿತ್ತು.

ರಂಜಾನ್ ಹತ್ತಿರ ಬಂದಾಗ ಮಕ್ಕಳಿಗೆ ರೋಜಾ ಉಪವಾಸ ಅಂದರೇನು ಎಂದು ತಿಳಿಸಬೇಕಲ್ಲ? ಆರು ವರ್ಷದ ಕೂಸಿಗೆ ಬರೀ ಬಾಯಿಮಾತು ಎಲ್ಲಿ ನಾಟುತ್ತದೆ? ಖತೀಜಾಬಿ ಚಿತ್ರದ ಪುಸ್ತಕ ಮಾಡಲು ಕೂತಳು. ಜೊತೆಗೆ ತೊಟ್ಟು ಮುರಿಯುವ ಪ್ರೇಮವ್ವ ಅಂಗಡಿಗಳಿಂದ ಹಳೆಯ ಕ್ಯಾಲೆಂಡರುಗಳನ್ನು ಬೇಡಿ ತಂದುಕೊಟ್ಟಳು. ಅವುಗಳ ಹಿಂದಿನ ಬಿಳಿ ಬದಿಯ ಮೇಲೆ ಚಿತ್ರ ಬರೆದು, ದಬ್ಬಣದಿಂದ ಹೊಲಿದದ್ದಾಯಿತು. ಕೆಂಪು ಬಣ್ಣ ಮುಗಿದಾಗ ಮೆಣಸಿನಕಾಯಿ ಪುಡಿಯನ್ನೇ ಎಣ್ಣೆಯಲ್ಲಿ ಕಲಸಿ ಹಚ್ಚಿದಳು. ಪುಟ ತಿರುವಿದ ಕೈಯಲ್ಲೇ ಕಣ್ಣು ಉಜ್ಜಿಕೊಂಡ ಹುಡುಗರು ಹೋ ಎಂದು ಅತ್ತರು.

"ಏ ಮಾರಾಯ್ತಿ, ರೋಜಾ ಕಲಿಸ್ತೀಯೋ, ಹುಡುಗೂರ ಕಣ್ಣು ಕಳೀತೀಯೋ?" ಎಂದು ಪ್ರೇಮವ್ವ ಹೊಟ್ಟೆ ಹಿಡಿದುಕೊಂಡು ನಕ್ಕಳು.

ಪುಸ್ತಕದಲ್ಲಿ ಲಾಟೀನು ಹಿಡಿದು ನಸುಕಿನ ಸಹರಿ ಊಟಕ್ಕೆ ಎಬ್ಬಿಸುವ ತಾಯಿ ಇದ್ದಳು. ಮೆಣಸಿನಕಾಯಿ ಘಾಟಿಗೆ ಸೀನುವ ಹುಡುಗನಿದ್ದ. ಅವನ ಕೆಳಗೆ 'ಸೀನಿದರೆ ರೋಜಾ ಮುರಿಯುವುದಿಲ್ಲ' ಎಂದು ಬರೆದಿತ್ತು. ಮಕ್ಕಳು ಓದುವುದು ಕನ್ನಡ ಶಾಲೆಯಲ್ಲಿ, ಹಾಗಾಗಿ ಬರಹವೆಲ್ಲ ಕನ್ನಡದಲ್ಲೇ. ಮನುಷ್ಯರ ಮುಖ ಬರೆಯಬಾರದು ಎಂದು ಹಿರಿಯರು ಹೇಳಿದ್ದರು. ಆ ಒಂದು ಮಾತನ್ನು ಖತೀಜಾಬಿ ಕೇಳಿ, ಯಾರಿಗೂ ಕಣ್ಣು, ಮೂಗು, ಬಾಯಿ ಇಟ್ಟಿರಲಿಲ್ಲ. ಮುಖವಿಲ್ಲವಾದ್ದರಿಂದ ಪ್ರತಿಯೊಂದು ಮಗುವೂ 'ಇದು ನಾನು, ಇದು ನಾನು' ಎಂದು ಕಿತ್ತಾಡುತ್ತಿತ್ತು.

ಕಡೆಯ ಪುಟದಲ್ಲಿ ಕೊರಳ ತುಂಬ ಹೂವಿನ ಹಾರ ಹಾಕಿಕೊಂಡ ಒಬ್ಬ ಪುಟ್ಟ ಹುಡುಗಿ. ತಲೆಯ ಮೇಲೆ ನಡುಹಗಲ ಸೂರ್ಯ, ಕೈಯಲ್ಲಿ ನೀರಿನ ಲೋಟ, ಪಕ್ಕದಲ್ಲಿ ಗುಬ್ಬಿ. 'ಚಿಕ್ಕವರದು ಗುಬ್ಬಿ ರೋಜಾ. ಮಧ್ಯಾಹ್ನದವರೆಗೆ ಇದ್ದರೆ ಸಾಕು.' ಇಡೀ ಪುಸ್ತಕ ಹುಟ್ಟಿದ್ದೇ ಆ ಪುಟಕ್ಕಾಗಿ.

ಖತೀಜಾಬಿ ಹುಟ್ಟಿದ್ದು ಐರಣಿಯಲ್ಲಿ, ತುಂಗಭದ್ರೆಯ ದಂಡೆಗೆ. ಆಕೆಗೆ ಏಳು ವರ್ಷವಾದಾಗಲೂ ರಂಜಾನ್ ಕಡುಬೇಸಿಗೆಯಲ್ಲೇ ಬಂದಿತ್ತು. ಮೊದಲ ರೋಜಾ ಎಂದು ಹೊಸ ಬಟ್ಟೆ ತೊಡಿಸಿ, ಹಾರ ಹಾಕಿ, ಬೀಗರು ನೆಂಟರನ್ನೆಲ್ಲ ಕರೆದಿದ್ದರು. ಮಧ್ಯಾಹ್ನದ ಹೊತ್ತಿಗೆ ನಾಲಿಗೆ ಅಂಗುಳಿಗೆ ಅಂಟಿಕೊಂಡಿತು. ಹಿತ್ತಲ ಹಿಂದೆಯೇ ಹೊಳೆ ಹರಿಯುತ್ತಿತ್ತು. ಆದರೆ ಇಷ್ಟು ಜನರ ಮುಂದೆ 'ನೀರು' ಎನ್ನಲು ಬಾಯಿ ಬರಲಿಲ್ಲ. ಹಾರದ ಸಮೇತ ಅಂಗಳದಲ್ಲಿ ಬಿದ್ದಳು. ಕಣ್ಣು ಬಿಟ್ಟಾಗ ಅಜ್ಜಿ, "ಇನ್ನ ಸ್ವಲ್ಪ ತಡಿಯವ್ವಾ, ಮಂದಿ ಏನಂದಾರು," ಎಂದು ಒದ್ದೆ ಬಟ್ಟೆಯಿಂದ ತುಟಿ ಒರೆಸಿದಳು. ಆ ಸಿಟ್ಟು ಖತೀಜಾಬಿಗೆ ಇನ್ನೂ ಇಳಿದಿರಲಿಲ್ಲ. ಈಗ ರಂಜಾನ್ ಸುತ್ತು ಹಾಕಿ ಮತ್ತೆ ಬೇಸಿಗೆಗೇ ಬಂದಿತ್ತು, ಎಂಬತ್ತೇಳನೇ ಇಸವಿಯ ಉರಿಬಿಸಿಲಿಗೆ.

ಯೂಸುಫಸಾಬರು ಮಸೀದಿ ಕಮಿಟಿಯ ಹಿರಿಯರು, ಮೇಲಾಗಿ ದಲಾಲಿ ಅಂಗಡಿಯ ಯಜಮಾನರು. ಅವರ ಮೊಮ್ಮಗಳು ಜಾಹೀದಾ ಖತೀಜಾಬಿಯ ಪಡಸಾಲೆಗೇ ಬರುತ್ತಿದ್ದಳು. ಒಂದು ಸಂಜೆ ಸಾಬರು ಬಾಗಿಲಲ್ಲಿ ಬಂದು ನಿಂತರು.

"ಖತೀಜಾಬಿ, ಜುಮ್ಮಾ ದಿನ ಜಾಹೀದಾಂದು ಮೊದಲ ರೋಜಾ. ಹಾವೇರಿ, ರಾಣೆಬೆನ್ನೂರು ಮಂದೀನೆಲ್ಲಾ ಕರದೀನಿ. ಆ ನೀರು ಕುಡಿಯೂ ಪುಟ ಹರದು ಒಗಿ. ಹುಡುಗಿ ಮನ್ಯಾಗ ಗುಬ್ಬಿ ಗುಬ್ಬಿ ಅಂತ ಕುಣ್ಯಾಕತ್ತೈತಿ."

"ಹರಿಯೂದಿಲ್ರಿ ಚಾಚಾ."

"ಯಾಕ?"

"ಸಣ್ಣ ಕೂಸಿಗೆ ರೋಜಾ ಕಡ್ಡಾಯ ಅಲ್ಲ, ನಿಮಗೂ ಗೊತ್ತೈತಿ. ಅಲ್ಲಾಹ್ ಕೇಳದ್ದನ್ನ ನೀವ್ಯಾಕ ಕೇಳ್ತೀರಿ?"

ಸಾಬರ ಮುಖ ಕೆಂಪಾಯಿತು. "ಹಂಗಾದ್ರ ನಾಳಿಂದ ಒಂದು ಕೂಸೂ ನಿನ್ನ ಪಡಸಾಲಿ ಹತ್ತೂದಿಲ್ಲ, ನೋಡ್ತಿರು."

"ಹತ್ತಬ್ಯಾಡ್ರಿ. ಪುಟ ಮಾತ್ರ ಇಲ್ಲೇ ಇರ್ತೈತಿ."

ಮರುದಿನ ಮಧ್ಯಾಹ್ನ ಒಬ್ಬರೂ ಬರಲಿಲ್ಲ. ಖತೀಜಾಬಿ ಚಾಪೆ ಹಾಸಿ, ಪುಸ್ತಕ ಬಿಚ್ಚಿಟ್ಟು, ಸುಮ್ಮನೆ ಕೂತಳು. ಅಳು ಬಂತು. ಬಂದ ಅಳುವಿಗೂ ನಾಲ್ಕು ಬೈದು, ಎದ್ದು ಅಂಗಳ ಗುಡಿಸಿದಳು.

ಶುಕ್ರವಾರ ಬಿಸಿಲು ನೆತ್ತಿಗೇರಿ, ಜುಮ್ಮಾ ನಮಾಜು ಮುಗಿದ ಹೊತ್ತಿಗೆ ಜಾಹೀದಾಳ ತಾಯಿ ಬಿಸ್ಮಿಲ್ಲಾಬಿ ಏದುಸಿರು ಬಿಡುತ್ತ ಬಂದಳು. "ಆಪಾ, ಲಗೂ ಬಾ. ಕೂಸಿನ ತುಟಿ ಒಣಗ್ಯಾವ. ಮಾವಾರು ನೀರು ಕೊಡಬ್ಯಾಡ ಅಂತ ಕೂತಾರ. ನನಗ ಧೈರ್ಯ ಸಾಲವಲ್ದು."

"ತಾಯಿ ಆಗಿ ಧೈರ್ಯಾ ಕೇಳಾಕ ಓಣಿ ದಾಟಿ ಬಂದೀಯಾ? ನಡಿ!" ಎಂದು ಗದರಿ ಖತೀಜಾಬಿ ಮುಂದೆ ನಡೆದಳು.

ಸಾಬರ ಮನೆಗೆ ಹೆಂಗಸರು ಹಿತ್ತಲ ಬಾಗಿಲಿಂದ ಹೋಗುವ ವಾಡಿಕೆ. ಖತೀಜಾಬಿ ಚಪ್ಪರ ಕಟ್ಟುತ್ತಿದ್ದ ಗಂಡಸರ ನಡುವೆಯೇ ತಲೆಬಾಗಿಲಿಂದ ನುಗ್ಗಿದಳು. ಜಾಹೀದಾ ಹಾರ ಹಾಕಿಕೊಂಡು ಗೋಡೆಗೆ ಒರಗಿ ಕೂತಿದ್ದಳು. ಖತೀಜಾಬಿಯನ್ನು ಕಂಡು ಸಣ್ಣ ದನಿಯಲ್ಲಿ ಕೇಳಿದಳು: "ಖಾಲಾ, ಪುಸ್ತಕದಾಗಿನ ಹುಡುಗಿಗೆ ನೀರು ಕೊಟ್ಟಾರ. ಆ ಹುಡುಗಿ ನಾನಲ್ಲೇನು?"

ಖತೀಜಾಬಿ ಸೀದಾ ಕೊಡದಿಂದ ಲೋಟ ತುಂಬಿಕೊಂಡು ಬಂದಳು.

"ಊರು ಕರದೀನಿ! ನನ್ನ ಮಾನ ತಗೀತೀಯಾ?" ಎಂದು ಯೂಸುಫಸಾಬರು ಅಡ್ಡ ನಿಂತರು.

"ನಿಮ್ಮ ಮಾನ ಈ ಕೂಸಿನ ಗಂಟಲದಾಗ ಐತೇನ್ರಿ? ಸರೀರಿ ಅತ್ತಾಗ!" ಎಂದು ಅವರ ಕಣ್ಣ ಮುಂದೆಯೇ ಮಗುವಿಗೆ ನೀರು ಕುಡಿಸಿದಳು. ಜಾಹೀದಾ ಗಟಗಟ ಕುಡಿದು, ಇನ್ನೊಂದು ಲೋಟ ಕೇಳಿದಳು.

ಸಾಬರು ಬೆವರು ಒರೆಸಿಕೊಂಡರು. "ಆಗಿದ್ದು ಆತು. ಸಂಜೀಕ ಯಾರೂ ಬಾಯಿ ಬಿಡಬ್ಯಾಡ್ರಿ. ಜಾಹೀದಾ, ಯಾರರ ಕೇಳಿದ್ರ ಇಡೀ ದಿನ ಇದ್ದೇನಿ ಅನ್ನು," ಎಂದರು. ಖತೀಜಾಬಿಗೆ ಮೈಯೆಲ್ಲ ಉರಿಯಿತು. ಕರೆಯದಿದ್ದರೂ ಸಂಜೆ ಬಂದು ಹೆಂಗಸರ ಸಾಲಿನಲ್ಲಿ ಕೂತಳು.

ಸೂರ್ಯ ಮುಳುಗುವ ಹೊತ್ತು. ಖರ್ಜೂರ, ಕಲ್ಲಂಗಡಿ, ಭಜಿ ತಟ್ಟೆಗಳು ಸಾಲಾಗಿ ಬಂದವು. ರಾಣೆಬೆನ್ನೂರಿನ ಮುದುಕರೊಬ್ಬರು ಜಾಹೀದಾಳ ಕೆನ್ನೆ ಹಿಂಡಿ, "ಶಾಬಾಸ್ ಬೇಟಾ! ಇಡೀ ದಿನ ಇದ್ದೀ?" ಎಂದರು.

ಜಾಹೀದಾ ಅಜ್ಜನ ಮುಖ ನೋಡಿದಳು, ಖತೀಜಾಬಿಯ ಮುಖ ನೋಡಿದಳು. "ಇಲ್ಲ. ಮಧ್ಯಾಹ್ನ ನೀರು ಕುಡದೇನಿ. ನಂದು ಗುಬ್ಬಿ ರೋಜಾ," ಎಂದಳು.

ಖತೀಜಾಬಿ ಎದ್ದು ನಿಂತಳು. "ನೀರು ಕುಡಿಸಿದಾಕಿ ನಾನು. ಕೇಳೂದಿದ್ರ ನನ್ನ ಕೇಳ್ರಿ. ಕೂಸು ಖರೇ ಹೇಳೈತಿ." ಅಷ್ಟರಲ್ಲಿ ರೋಜಾ ಬಿಡುವ ಅಜಾನ್ ಕೇಳಿಸಿತು. ಮುದುಕರು ನಗುತ್ತ ತಮ್ಮ ಕೈಯ ಖರ್ಜೂರವನ್ನು ಮೊದಲು ಜಾಹೀದಾಳ ಬಾಯಿಗೆ ಇಟ್ಟರು. ಯೂಸುಫಸಾಬರು ಅಂದು ತಲೆ ಎತ್ತಿ ಉಣ್ಣಲಿಲ್ಲ.

ಮರುದಿನ ಬಿಸ್ಮಿಲ್ಲಾಬಿ ಮಗಳ ಕೈ ಹಿಡಿದು ಎಲ್ಲರೂ ನೋಡುವಂತೆ ನಡುಬೀದಿಯಲ್ಲಿ ಕರೆತಂದು ಪಡಸಾಲೆಯಲ್ಲಿ ಬಿಟ್ಟಳು. ಅದನ್ನು ನೋಡಿ ಉಳಿದ ತಾಯಂದಿರೂ ಕಳಿಸಿದರು. ಮತ್ತೆ ಗದ್ದಲ, ಮತ್ತೆ 'ಇದು ನಾನು' ಎಂಬ ಜಗಳ.

ಹಬ್ಬ ಕಳೆದ ಮೇಲೆ ಯೂಸುಫಸಾಬರು ಮೊಮ್ಮಗಳನ್ನು ಕರೆದೊಯ್ಯುವ ನೆಪದಲ್ಲಿ ಬಂದರು. ಚಾಪೆಯ ಮೇಲೆ ಪುಸ್ತಕದ ಕಡೆಯ ಪುಟ ತೆರೆದು ಬಿದ್ದಿತ್ತು. ಬಗ್ಗಿ ನೋಡಿದರು. ಅದೇ ಹಾರ, ಅದೇ ಲೋಟ, ಅದೇ ಗುಬ್ಬಿ. ಆದರೆ ಹುಡುಗಿಯ ಬೋಳು ಮುಖದ ಮೇಲೆ ಈಗ ಮೆಣಸಿನಕಾಯಿ ಕೆಂಪಿನಲ್ಲಿ ಒಂದು ಬಾಯಿ ಇತ್ತು. ಕಣ್ಣಿಲ್ಲ, ಮೂಗಿಲ್ಲ, ಬರೀ ಬಾಯಿ.

"ಮುಖ ಬರೀಬ್ಯಾಡ ಅಂದಿದ್ವಲ್ಲ, ಈ ಬಾಯಿ ಯಾಕ ಬರದೀ?" ಎಂದರು.

ಖತೀಜಾಬಿ ತಲೆ ಎತ್ತದೆ ದಬ್ಬಣಕ್ಕೆ ದಾರ ಪೋಣಿಸುತ್ತ ಹೇಳಿದಳು: "ನೀರು ಕೇಳಾಕ ಬೇಕಲ್ರಿ, ಚಾಚಾ."